ಜನರಿಲ್ಲದ ಊರಿಗೊಬ್ಬ ಮೇಯರ್!

ಒಂದು ಊರು. ಅದಕ್ಕೊಬ್ಬ ಮೇಯರ್, ಇಬ್ಬರು ಕೌನ್ಸಿಲರ್‌ಗಳು. ನಕಾಶೆಯಲ್ಲಿ ಗಡಿ ಗುರುತಾಗಿದೆ, ಸರ್ಕಾರದಿಂದ ಅನುದಾನವೂ ಬರುತ್ತದೆ. ಸಭೆ ಸೇರುತ್ತದೆ, ಠರಾವು ಪಾಸಾಗುತ್ತದೆ. ಎಲ್ಲ ಸರಿ, ಆದರೆ ಆ ಊರಿನಲ್ಲಿ ಜನರಿಲ್ಲ. ಹತ್ತು ಮನೆಯಾದರೂ ಇರಬಹುದೇ ಎಂದರೆ ಅದೂ ಇಲ್ಲ. ಬೀದಿ ಇಲ್ಲ, ಬೀದಿದೀಪವಿಲ್ಲ, ಒಂದು ಚಹಾದಂಗಡಿಯೂ ಇಲ್ಲ. 2016ರ ಕೆನಡಾ ಜನಗಣತಿಯಲ್ಲಿ ಈ ಊರಿನ ಹೆಸರಿನ ಮುಂದೆ ಬರೆದ ಸಂಖ್ಯೆ: ಸೊನ್ನೆ.

ಇದು ಕಟ್ಟುಕಥೆಯಲ್ಲ. ಕೆನಡಾದ ಪಶ್ಚಿಮ ತುದಿಯ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ 2013ರ ಫೆಬ್ರುವರಿಯಲ್ಲಿ ಹುಟ್ಟಿದ ಪುರಸಭೆ ಇದು. ಹೆಸರು ಜಂಬೋ ಗ್ಲೇಸಿಯರ್. ಜನರಿಲ್ಲದ ಕಡೆ ಮತದಾರರು ಎಲ್ಲಿಂದ ಬರಬೇಕು? ಹಾಗಾಗಿ ಮೇಯರನ್ನೂ ಕೌನ್ಸಿಲರ್‌ಗಳನ್ನೂ ಸರ್ಕಾರವೇ ನೇಮಿಸಿತು. ಹೀಗೆ ಮಾಡಲು ಅನುಕೂಲವಾಗಲೆಂದು ಹಿಂದಿನ ವರ್ಷವಷ್ಟೇ ಕಾನೂನಿಗೆ ತಿದ್ದುಪಡಿಯನ್ನೂ ತಂದಿತ್ತು. ಮುಂದೆ ಕಟ್ಟಲಿರುವ ಒಂದು ರೆಸಾರ್ಟಿಗೆ ಮೊದಲೇ ಪುರಸಭೆ ಕಟ್ಟಿ ಇಡಲಾಯಿತು. ತೊಟ್ಟಿಲು ತಂದಾಯಿತು, ಹೆಸರಿಟ್ಟಾಯಿತು, ಮಗು ಮಾತ್ರ ಹುಟ್ಟಬೇಕಿತ್ತು.

ಆ ಮಗು ಕೊನೆಗೂ ಹುಟ್ಟಲಿಲ್ಲ. ಏಕೆ ಎಂಬುದೇ ಸುಮಾರು ಮೂವತ್ತು ವರ್ಷಗಳ ಕಥೆ.

ರಾಕಿ ಪರ್ವತಗಳ ಹೆಸರನ್ನು ನೀವು ಭೂಗೋಳದ ಪುಸ್ತಕದಲ್ಲಿ ಓದಿರುತ್ತೀರಿ. ಅವುಗಳ ಪಶ್ಚಿಮಕ್ಕೆ ಇನ್ನೊಂದು ಸಾಲು, ಪರ್ಸೆಲ್ ಪರ್ವತಗಳು. ಇನ್ವರ್‌ಮಿಯರ್ ಎಂಬ ಸಣ್ಣ ಪಟ್ಟಣದಿಂದ ಸುಮಾರು 55 ಕಿಲೋಮೀಟರ್ ಮಣ್ಣುದಾರಿ ಹಿಡಿದು ಪಶ್ಚಿಮಕ್ಕೆ ಹೋದರೆ ಜಂಬೋ ಕಣಿವೆ. ಹೆಸರು ಕೇಳಿ ಆನೆ ಹುಡುಕಬೇಡಿ. ಅಲ್ಲಿರುವುದು ಕರಡಿ, ಹಿಮ ಮತ್ತು ಹಿಮನದಿ.

ಹಿಮದ ಮೇಲೆ ಕಾಲಿಗೆ ಉದ್ದನೆಯ ಎರಡು ಪಟ್ಟಿ ಕಟ್ಟಿಕೊಂಡು ಇಳಿಜಾರಿನಲ್ಲಿ ಜಾರುವ ಆಟವೇ ಸ್ಕೀ. ಜಾರುವುದು ಸುಲಭ, ಮತ್ತೆ ಮೇಲೆ ಹತ್ತುವುದು ಕಷ್ಟ. ಅದಕ್ಕೆಂದು ತಂತಿಗೆ ತೂಗುಹಾಕಿದ ಕುರ್ಚಿಗಳ ಸಾಲು ಬೇಕು. ಅವನ್ನು ಲಿಫ್ಟ್ ಎನ್ನುತ್ತಾರೆ. ಲಿಫ್ಟ್ ಬಂದರೆ ಕಂಬ ಬೇಕು, ವಿದ್ಯುತ್ ಬೇಕು, ರಸ್ತೆ ಬೇಕು. ರಸ್ತೆ ಬಂದ ಮೇಲೆ ಹೋಟೆಲು, ವಾಹನ ನಿಲ್ಲಿಸುವ ಬಯಲು, ಕೊಳಚೆ ನೀರಿನ ವ್ಯವಸ್ಥೆ ಎಲ್ಲವೂ ಬೇಕು. ಆಟ ಸಣ್ಣದು, ಅದರ ಸಂಸಾರ ದೊಡ್ಡದು.

ಸಾಮಾನ್ಯ ಬೆಟ್ಟದಲ್ಲಿ ಚಳಿಗಾಲ ಮುಗಿದರೆ ಈ ಆಟವೂ ಮುಗಿಯಿತು. ಹಿಮನದಿಯ ಮೇಲಾದರೆ ಹಾಗಲ್ಲ, ಬೇಸಿಗೆಯಲ್ಲೂ ಜಾರಬಹುದು. ವ್ಯಾಂಕೂವರ್‌ನ ವಾಸ್ತುಶಿಲ್ಪಿ ಒಬೆರ್ಟೊ ಒಬೆರ್ಟಿ ಕಂಡ ಕನಸು ಇದೇ. ಇಟಲಿಯಲ್ಲಿ ಹುಟ್ಟಿದ ಅವರಿಗೆ ಯುರೋಪಿನ ಆಲ್ಪ್ಸ್ ಪರ್ವತಗಳ ಮಾದರಿ ಕಣ್ಣ ಮುಂದಿತ್ತು. ಲಿಫ್ಟ್‌ಗಳು ಸುಮಾರು 3,400 ಮೀಟರ್ ಎತ್ತರದವರೆಗೆ ಏರಬೇಕು, ವರ್ಷವಿಡೀ ಆಟ ನಡೆಯಬೇಕು, ಕೆಳಗೆ ಆರು ಸಾವಿರಕ್ಕೂ ಹೆಚ್ಚು ಹಾಸಿಗೆಗಳ ಒಂದು ಊರು ಏಳಬೇಕು. 1991ರಲ್ಲಿ ಈ ಪ್ರಸ್ತಾಪ ಸರ್ಕಾರದ ಮುಂದೆ ಬಂತು.

ಒಬೆರ್ಟಿಯವರನ್ನು ಖಳನಾಯಕ ಮಾಡುವುದು ಸುಲಭ, ಆದರೆ ನ್ಯಾಯವಲ್ಲ. ಅವರ ವಾದದಲ್ಲೂ ಹುರುಳಿತ್ತು. ಕಣಿವೆಯಲ್ಲಿ ಹಿಂದೆ ಮರ ಕಡಿದಿದ್ದರು, ಗಣಿ ತೋಡಿದ್ದರು. ಊರು ಕಟ್ಟಲು ಆರಿಸಿದ ಜಾಗದಲ್ಲಿ ಹಳೆಯ ಸಾಮಿಲ್ಲೊಂದು ಇತ್ತು. ‘ಇದು ಮನುಷ್ಯ ಮುಟ್ಟದ ಜಾಗವೇನಲ್ಲ, ಇಲ್ಲಿಯ ಮಕ್ಕಳಿಗೆ ಕೆಲಸವೂ ಬೇಕಲ್ಲ’ ಎಂಬ ವಾದಕ್ಕೆ ತಲೆದೂಗಿದವರು ಆ ಸೀಮೆಯಲ್ಲೇ ಇದ್ದರು. ಭೂಮಿ ಬಿಸಿಯಾಗುತ್ತಿರುವಾಗ ತಗ್ಗಿನ ಬೆಟ್ಟಗಳಲ್ಲಿ ಹಿಮ ಕೈಕೊಡುತ್ತದೆ, ಎತ್ತರದಲ್ಲಿ ಮಾತ್ರ ಭರವಸೆ ಉಂಟು ಎಂಬುದೂ ಸುಳ್ಳಲ್ಲ. (ಹಿಮನದಿಗಳೇ ಕರಗಿ ಹಿಂದೆ ಸರಿಯುತ್ತಿವೆ ಎಂಬುದು ಅದೇ ಲೆಕ್ಕದ ಇನ್ನೊಂದು ಪುಟ.)

ವಿರೋಧಿಸಿದವರು ಯಾರು? ಚಾರಣಿಗರು, ಜೀವಶಾಸ್ತ್ರಜ್ಞರು, ಪರಿಸರ ಸಂಘಟನೆಗಳು ಎಂದು ನೀವು ಊಹಿಸಿದರೆ ಸರಿಯೇ. ಆದರೆ ಅವರ ಜೊತೆ ಸ್ಕೀ ಆಟಗಾರರೂ ನಿಂತರು! ಸ್ವಂತ ಕಾಲಿನಲ್ಲಿ ಹತ್ತಿ, ಯಾರೂ ತುಳಿಯದ ಹಿಮದಲ್ಲಿ ಇಳಿಯುವವರಿಗೆ ಲಿಫ್ಟು, ಹೋಟೆಲು ಬೇಕಿರಲಿಲ್ಲ. ‘ಜಂಬೋ ವೈಲ್ಡ್’, ಎಂದರೆ ಜಂಬೋ ಕಾಡಾಗಿಯೇ ಇರಲಿ ಎಂಬ ಚೀಟಿ ಕಾರುಗಳ ಹಿಂಭಾಗದಲ್ಲಿ ವರ್ಷಗಟ್ಟಲೆ ಅಂಟಿಕೊಂಡಿತ್ತು. 2015ರಲ್ಲಿ ಅದೇ ಹೆಸರಿನ ಸಾಕ್ಷ್ಯಚಿತ್ರವೂ ಬಂತು. ಅದಕ್ಕೆ ಬೆಂಬಲ ಕೊಟ್ಟದ್ದು ಚಳಿಯ ಉಡುಪು ಮಾರುವ ಪ್ಯಾಟಗೋನಿಯಾ ಕಂಪನಿ.

ಕರಡಿಯ ಲೆಕ್ಕ

ಜೀವಶಾಸ್ತ್ರಜ್ಞರ ಚಿಂತೆ ಗ್ರಿಜ್ಲಿ ಕರಡಿಯದು. ನಮ್ಮ ಕಾಡಿನ ಕರಡಿಯ ಈ ದೂರದ ನೆಂಟ ಗಾತ್ರದಲ್ಲಿ ಬಲು ದೊಡ್ಡದು. ಬ್ರಿಟಿಷ್ ಕೊಲಂಬಿಯಾದಲ್ಲಿ ಒಟ್ಟು ಹದಿನೈದು ಸಾವಿರದಷ್ಟು ಇವೆಯೆಂದು ಅಂದಾಜು. ಅಷ್ಟಿದ್ದಮೇಲೆ ಒಂದು ಕಣಿವೆ ಹೋದರೇನು ಎಂದು ಯಾರಾದರೂ ಕೇಳಬಹುದು. ಉತ್ತರ ಕರಡಿಯ ಸಂಸಾರದಲ್ಲಿದೆ.

ಹೆಣ್ಣು ಗ್ರಿಜ್ಲಿ ಮೊದಲ ಸಲ ಮರಿ ಹಾಕುವುದು ಸಾಮಾನ್ಯವಾಗಿ ಐದಾರು ವರ್ಷ ದಾಟಿದ ಮೇಲೆ. ಒಂದು ಸೂಲಿಗೆ ಒಂದೋ ಎರಡೋ, ಅಪರೂಪಕ್ಕೆ ಮೂರು. ಮರಿಗಳು ಎರಡು ಮೂರು ವರ್ಷ ತಾಯಿಯ ಬೆನ್ನಿಗೇ ಇರುತ್ತವೆ. ಅಲ್ಲಿಯವರೆಗೆ ಮತ್ತೊಂದು ಸೂಲಿಲ್ಲ. ಹೀಗೆ ನಿಧಾನವಾಗಿ ಬೆಳೆಯುವ ಕುಲದಲ್ಲಿ ವರ್ಷಕ್ಕೆ ಒಂದೆರಡು ಹೆಣ್ಣು ಸತ್ತರೂ ಲೆಕ್ಕ ತಪ್ಪುತ್ತದೆ. ಇನ್ನೊಂದು ಸಂಗತಿ: ಗಂಡು ಕರಡಿ ದೂರ ದೂರ ಅಲೆಯುತ್ತದೆ, ಹೆಣ್ಣು ಹುಟ್ಟಿದ ನೆಲದ ಆಸುಪಾಸಿನಲ್ಲೇ ನೆಲೆಸುತ್ತದೆ. ಮನೆ, ಹೆದ್ದಾರಿ ತುಂಬಿದ ಕಣಿವೆಯನ್ನು ಹೆಣ್ಣು ಕರಡಿ ದಾಟುವುದು ತೀರಾ ವಿರಳ. ಇದನ್ನು ಆ ಸೀಮೆಯ ಸಂಶೋಧಕರು ಕರಡಿಗಳ ರೋಮದಿಂದ ತೆಗೆದ ವಂಶವಾಹಿಗಳನ್ನು ಹೋಲಿಸಿ ಕಂಡುಕೊಂಡಿದ್ದಾರೆ. ದಕ್ಷಿಣದಲ್ಲಿ, ಅಮೆರಿಕದ ಗಡಿಯತ್ತ, ಕರಡಿಗಳು ಆಗಲೇ ಪುಟ್ಟ ಪುಟ್ಟ ದ್ವೀಪಗಳಲ್ಲಿ ಸಿಕ್ಕಿಕೊಂಡಂತೆ ಬದುಕುತ್ತಿವೆ. ಅವಕ್ಕೆ ಉತ್ತರದ ದೊಡ್ಡ ಬಳಗದ ಜೊತೆ ಸಂಪರ್ಕ ಉಳಿಯಬೇಕಾದರೆ ಪರ್ಸೆಲ್ ಸಾಲು ತುಂಡಾಗಬಾರದು. ನಮ್ಮ ಪಶ್ಚಿಮ ಘಟ್ಟದಲ್ಲಿ ಆನೆ ದಾರಿಯ ಬಗ್ಗೆ ಓದಿದ ಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಸರ್ಕಾರದ ಪರಿಸರ ಪರಿಶೀಲನೆ 1995ರಲ್ಲಿ ಶುರುವಾಗಿ 2004ರಲ್ಲಿ ಮುಗಿಯಿತು. ಬಂದ ಪತ್ರಗಳಲ್ಲಿ ಬಹುಪಾಲು ವಿರೋಧದವೇ. ಆದರೂ ಷರತ್ತುಗಳೊಂದಿಗೆ ಪ್ರಮಾಣಪತ್ರ ಸಿಕ್ಕಿತು. ನಿಜವಾದ ಕಗ್ಗಂಟು ಬಿದ್ದದ್ದು ಆಮೇಲೆ.

ಬೆಟ್ಟದ ಒಡೆಯ

ಈ ಸೀಮೆಯ ಮೂಲನಿವಾಸಿಗಳು ಕ್ಟುನಾಹಾ ಜನ. ಹತ್ತು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ತಾವಿಲ್ಲಿದ್ದೇವೆ ಎನ್ನುತ್ತಾರೆ. ಇವರ ಭಾಷೆಗೆ ಜಗತ್ತಿನ ಬೇರಾವ ಭಾಷೆಯ ನಂಟೂ ಕಂಡುಬಂದಿಲ್ಲ. ಜಂಬೋ ಕಣಿವೆಯ ಮೇಲ್ಭಾಗ ಇವರಿಗೆ ಕಾಟ್‌ಮುಕ್. ಗ್ರಿಜ್ಲಿ ಕರಡಿಯ ಚೇತನ ಹುಟ್ಟಿದ್ದು ಅಲ್ಲಿ, ಗಾಯ ಮಾಯಿಸಿಕೊಳ್ಳಲು ಬರುವುದು ಅಲ್ಲಿಗೆ, ಮರಳಿ ತನ್ನ ಲೋಕಕ್ಕೆ ಹೋಗುವುದೂ ಅಲ್ಲಿಂದಲೇ. ಬೆಟ್ಟದ ಮೇಲೆ ಶಾಶ್ವತವಾದ ಕಟ್ಟಡ ಎದ್ದರೆ ಆ ಚೇತನ ಹೊರಟುಹೋಗುತ್ತದೆ. ಅದು ಹೋದಮೇಲೆ ತಮ್ಮ ಪ್ರಾರ್ಥನೆ, ಆಚರಣೆಗಳಿಗೆ ಅರ್ಥವೇ ಇಲ್ಲ ಎಂಬುದು ಅವರ ನಂಬಿಕೆ. ಒಡೆಯನಿಲ್ಲದ ಗುಡಿಯಲ್ಲಿ ಗಂಟೆ ಬಾರಿಸಿದ ಹಾಗೆ.

ಮೊದಮೊದಲು ಅವರೂ ಮಾತುಕತೆಗೆ ಕೂತಿದ್ದರು. ಕಂಪನಿ ಯೋಜನೆಯನ್ನು ಸಾಕಷ್ಟು ಕತ್ತರಿಸಿತು. ಆಟಕ್ಕೆ ಮೀಸಲಾದ ಪ್ರದೇಶ ಶೇಕಡ 60ರಷ್ಟು ಕಡಿಮೆಯಾಯಿತು, ಕರಡಿಗಳ ದೃಷ್ಟಿಯಿಂದ ಕೆಲವು ಲಿಫ್ಟ್‌ಗಳನ್ನು ಕೈಬಿಟ್ಟರು. ಪಕ್ಕದ ಇನ್ನೊಂದು ಬುಡಕಟ್ಟು, ಶುಸ್ವಾಪ್ ಜನ, ಇಷ್ಟಕ್ಕೆ ತೃಪ್ತಿಪಟ್ಟರು. ಆದರೆ 2009ರಲ್ಲಿ ಕ್ಟುನಾಹಾ ಸಮುದಾಯದ ಒಬ್ಬ ಹಿರಿಯರು ಸರ್ಕಾರದ ಮುಂದೆ ಬಂದು, ಇಲ್ಲಿ ಹೆಚ್ಚು ಕಡಿಮೆಯ ಮಾತೇ ಇಲ್ಲ, ಕಟ್ಟಿದರೆ ಚೇತನ ಹೋಗುತ್ತದೆ ಎಂದರು. ಮುಂದಿನ ವರ್ಷ ಆ ಜನ ಕಾಟ್‌ಮುಕ್ ಘೋಷಣೆ ಹೊರಡಿಸಿದರು.

‘ಇಷ್ಟು ವರ್ಷ ಏಕೆ ಹೇಳಲಿಲ್ಲ?’ ಸರ್ಕಾರ ಕೇಳಿದ ಪ್ರಶ್ನೆ. ಇದು ಗುಟ್ಟಿನ ನಂಬಿಕೆ, ಬಲ್ಲವರು ಕೆಲವರೇ, ಬೀದಿಯಲ್ಲಿ ಆಡುವ ಮಾತಲ್ಲ ಎಂಬುದು ಉತ್ತರ. ಕೊಡಗಿನ ಅಥವಾ ಮಲೆನಾಡಿನ ದೇವರಕಾಡುಗಳನ್ನು ಬಲ್ಲವರಿಗೆ ಈ ಉತ್ತರ ವಿಚಿತ್ರವೆನಿಸಲಾರದು. ಬನದೊಳಗೆ ಏನಿದೆ ಎಂದು ಕೇಳಿದರೆ ಅಜ್ಜಂದಿರು ಸುಮ್ಮನಿರುತ್ತಾರೆ. ಕಚೇರಿಯ ಕಡತಕ್ಕೆ ಮಾತ್ರ ಮೌನವನ್ನು ಓದಲು ಬರುವುದಿಲ್ಲ. 2012ರ ಮಾರ್ಚ್‌ನಲ್ಲಿ ಸರ್ಕಾರ ಒಪ್ಪಂದಕ್ಕೆ ಸಹಿ ಹಾಕಿತು. ಕ್ಟುನಾಹಾ ಜನ ಕೋರ್ಟಿಗೆ ಹೋದರು.

ಇತ್ತ ಕಂಪನಿಗೂ ಗಡಿಯಾರ ಓಡುತ್ತಿತ್ತು. ಪರಿಸರ ಪ್ರಮಾಣಪತ್ರದ ಗಡುವನ್ನು ಒಮ್ಮೆ ವಿಸ್ತರಿಸಿ ಆಗಿತ್ತು. 2014ರ ಅಕ್ಟೋಬರ್ 12ರೊಳಗೆ ಕೆಲಸ ‘ಗಣನೀಯವಾಗಿ’ ಆರಂಭವಾಗದಿದ್ದರೆ ಅದು ರದ್ದು. ಗಡುವಿಗೆ ಕೆಲವೇ ದಿನ ಇರುವಾಗ ಲಾರಿಗಳು ಬಂದವು, ಎರಡು ಕಟ್ಟಡಗಳ ಅಡಿಪಾಯಕ್ಕೆ ಕಾಂಕ್ರೀಟು ಬಿತ್ತು. ಮಳೆಗಾಲಕ್ಕೆ ಮುಂಚೆ ರಸ್ತೆಗೆ ಟಾರು ಸುರಿಯುವ ನಮ್ಮ ಗುತ್ತಿಗೆದಾರರು ನೆನಪಾದರೆ ತಪ್ಪಿಲ್ಲ. ಕಾಂಕ್ರೀಟು ಬಿದ್ದ ಜಾಗವೋ, ಹಿಮ ಕುಸಿದು ಬೀಳುವ ಅಪಾಯದ ವಲಯದಲ್ಲಿತ್ತು ಎಂದು ತಜ್ಞರು ವರದಿ ಕೊಟ್ಟರು! 2015ರ ಜೂನ್‌ನಲ್ಲಿ ಪರಿಸರ ಸಚಿವೆ ಮೇರಿ ಪೋಲಾಕ್, ಇದು ಗಣನೀಯ ಆರಂಭವಲ್ಲ ಎಂದು ತೀರ್ಮಾನಿಸಿದರು. ಪ್ರಮಾಣಪತ್ರ ಬಿದ್ದುಹೋಯಿತು. ಕಂಪನಿ ಇದನ್ನು ಪ್ರಶ್ನಿಸಿ 2018ರಲ್ಲಿ ಗೆದ್ದಿತು, 2019ರಲ್ಲಿ ಮೇಲ್ಮನವಿಯಲ್ಲಿ ಸೋತಿತು.

ನಂಬಿಕೆಯ ಪ್ರಶ್ನೆ ಕೆನಡಾದ ಸುಪ್ರೀಂ ಕೋರ್ಟ್ ತಲುಪಿ, 2017ರ ನವೆಂಬರ್ 2ರಂದು ತೀರ್ಪು ಬಂತು. ಒಂಬತ್ತೂ ನ್ಯಾಯಮೂರ್ತಿಗಳು ಕ್ಟುನಾಹಾ ಜನರ ಅರ್ಜಿಯನ್ನು ತಳ್ಳಿಹಾಕಿದರು. ಆದರೆ ಕಾರಣ ಒಂದೇ ಅಲ್ಲ, ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಏಳು ಮಂದಿ ಹೇಳಿದ್ದು: ನಂಬುವ ಸ್ವಾತಂತ್ರ್ಯವನ್ನೂ ಅದರಂತೆ ಆಚರಿಸುವ ಸ್ವಾತಂತ್ರ್ಯವನ್ನೂ ಸಂವಿಧಾನ ಕಾಯುತ್ತದೆ, ನೀವು ನಂಬಿದ ಚೇತನವನ್ನೇ ಕಾಯುವುದಿಲ್ಲ. ಉಳಿದ ಇಬ್ಬರು ಇದನ್ನು ಒಪ್ಪಲಿಲ್ಲ. ಬೆಟ್ಟದೊಂದಿಗೇ ಬೆಸೆದ ಧರ್ಮದಲ್ಲಿ ಬೆಟ್ಟ ಕೆಟ್ಟರೆ ನಂಬಿಕೆ ಬರಿದಾಗುತ್ತದೆ, ಆದ್ದರಿಂದ ಸ್ವಾತಂತ್ರ್ಯಕ್ಕೆ ಧಕ್ಕೆಯಾಗಿದೆ ಎಂದರು. ಆದರೂ ಸರ್ಕಾರಿ ಭೂಮಿಯ ಮೇಲೆ ಒಂದು ಗುಂಪಿಗೆ ಪೂರ್ಣ ತಡೆಯಧಿಕಾರ ಕೊಟ್ಟಂತಾಗುತ್ತದೆ ಎಂದು, ಸಚಿವರ ನಿರ್ಧಾರವನ್ನು ಎತ್ತಿಹಿಡಿದರು. ನನಗೆ ಆ ಇಬ್ಬರ ಮೊದಲ ಅರ್ಧ ಹೆಚ್ಚು ಸರಿಯೆನಿಸುತ್ತದೆ. ಗುಡಿ ಕಟ್ಟಿ ಪೂಜಿಸುವವರ ದೇವರಿಗೆ ಗೋಡೆಯ ರಕ್ಷಣೆಯಾದರೂ ಇದೆ. ಬೆಟ್ಟವೇ ಗುಡಿಯಾದವರು ಏನು ಮಾಡಬೇಕು?

ನಮ್ಮ ಸುಪ್ರೀಂ ಕೋರ್ಟ್ ನಾಲ್ಕು ವರ್ಷ ಮೊದಲು ಇಂಥದೇ ಪ್ರಶ್ನೆಗೆ ಬೇರೆ ದಾರಿ ಹಿಡಿದಿತ್ತು. ಒಡಿಶಾದ ನಿಯಮಗಿರಿಯಲ್ಲಿ ಬಾಕ್ಸೈಟ್ ಗಣಿಗೆ ಡೋಂಗ್ರಿಯಾ ಕೊಂಡರು ಅಡ್ಡ ನಿಂತಾಗ, ಅದು ನಿಮ್ಮ ನಿಯಮರಾಜನ ನೆಲೆಯೋ ಅಲ್ಲವೋ ಎಂಬುದನ್ನು ಗ್ರಾಮಸಭೆಗಳೇ ಹೇಳಲಿ ಎಂದು 2013ರ ಏಪ್ರಿಲ್‌ನಲ್ಲಿ ತೀರ್ಪು ನೀಡಿತು. ಹನ್ನೆರಡು ಸಭೆಗಳು ನಡೆದವು. ಹನ್ನೆರಡೂ ಗಣಿ ಬೇಡವೆಂದವು. ಸ್ಕೀ ರೆಸಾರ್ಟಿನ ವಿಷಯದಲ್ಲೂ ನಮ್ಮಲ್ಲಿ ಹೀಗೇ ಆದದ್ದುಂಟು. ಹಿಮಾಚಲದ ಕುಲು ಕಣಿವೆಯಲ್ಲಿ, ಕಾರು ಕಂಪನಿಯ ಹೆನ್ರಿ ಫೋರ್ಡ್‌ರ ಮರಿಮಗ ಆಲ್‌ಫ್ರೆಡ್ ಫೋರ್ಡ್ ಬೆನ್ನಿಗಿದ್ದ ಹಿಮಗ್ರಾಮದ ಯೋಜನೆಯನ್ನು ಚರ್ಚಿಸಲು 2006ರಲ್ಲಿ ನಗ್ಗರ್‌ನಲ್ಲಿ ದೇವತೆಗಳ ಸಭೆಯೇ ಸೇರಿತು. ಮೈಮೇಲೆ ದೇವರು ಬರುವ ಗೂರರು ಒಕ್ಕೊರಲಿನಿಂದ ಬೇಡ ಎಂದರು. ಆ ಗ್ರಾಮವೂ ಏಳಲಿಲ್ಲ.

ಜಂಬೋ ಉಳಿದದ್ದು ಗ್ರಾಮಸಭೆಯಿಂದಲ್ಲ, ಹಣದಿಂದ. 2020ರ ಜನವರಿಯಲ್ಲಿ ಕಂಪನಿಯ ಹಕ್ಕುಗಳನ್ನೆಲ್ಲ ಖರೀದಿಸಿ ರದ್ದುಪಡಿಸಲಾಯಿತು. ಕೆನಡಾದ ಕೇಂದ್ರ ಸರ್ಕಾರ ಮತ್ತು ಕೆಲವು ದತ್ತಿಸಂಸ್ಥೆಗಳು ಕೂಡಿಸಿದ ಒಟ್ಟು ಮೊತ್ತ ಸುಮಾರು 2 ಕೋಟಿ 10 ಲಕ್ಷ ಕೆನಡಾ ಡಾಲರ್. ಕಂಪನಿಯ ಪಾಲು ಹೋಗಿ ಮಿಕ್ಕಿದ್ದು ಕ್ಟುನಾಹಾ ಜನರೇ ಮುಂದೆ ನಿಂತು ನೋಡಿಕೊಳ್ಳುವ ರಕ್ಷಿತ ಪ್ರದೇಶಕ್ಕೆ. 2021ರಲ್ಲಿ ಜನರಿಲ್ಲದ ಆ ಪುರಸಭೆಯನ್ನೂ ಬರಖಾಸ್ತು ಮಾಡಿದರು. ಅದಕ್ಕೆ ಅತ್ತವರು ಯಾರೂ ಇದ್ದ ಹಾಗಿಲ್ಲ.

2017ರ ತೀರ್ಪು ಮಾತ್ರ ಹಾಗೆಯೇ ಇದೆ. ನಾಳೆ ಕೆನಡಾದ ಇನ್ನೊಂದು ಬುಡಕಟ್ಟು ತನ್ನ ಬೆಟ್ಟಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತಿದರೆ, ಎದುರು ಪಕ್ಷದ ವಕೀಲರು ಮೊದಲು ತೆಗೆಯುವ ಪುಟ ಅದೇ. ಆ ಬೆಟ್ಟಕ್ಕೂ ಎರಡು ಕೋಟಿ ಡಾಲರ್ ಕೂಡಿಸುವವರು ಸಿಗುತ್ತಾರೋ ಇಲ್ಲವೋ.