ದವಡೆ ಸೋಲುವ ಹನಾಕೊ

ಹನಾಕೊ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಒರಗಿ ಬಾಯಿ ಅಗಲಿಸಿದ್ದಾಳೆ. ಕಣ್ಣು ಪಿಳಿಪಿಳಿ ಮಿಟುಕಿಸುತ್ತಾಳೆ. ಸಲಕರಣೆ ನಾಲಿಗೆಯ ಬುಡಕ್ಕೆ ತಗುಲಿದರೆ ವಾಕರಿಸುತ್ತಾಳೆ. ಒಮ್ಮೊಮ್ಮೆ ಕೆಮ್ಮು, ಸೀನು. ಆಗ ತಲೆ ಅಲ್ಲಾಡುತ್ತದೆ, ಕೆಲಸದಲ್ಲಿದ್ದ ಕೈ ತಟಕ್ಕನೆ ಹಿಂದೆ ಸರಿಯಲೇಬೇಕು. ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು. ಬಹಳ ಹೊತ್ತು ಬಾಯಿ ತೆರೆದೇ ಇಟ್ಟರೆ ಅವಳ ದವಡೆ ಸೋಲುತ್ತದೆ. ತೆರೆದ ಬಾಯಿ ಮೆಲ್ಲಗೆ ಮುಚ್ಚಿಕೊಳ್ಳತೊಡಗುತ್ತದೆ.

ಇವಳು ಮನುಷ್ಯಳಲ್ಲ. ಟೋಕಿಯೊದ ಶೋವಾ ವಿಶ್ವವಿದ್ಯಾಲಯದ ದಂತವೈದ್ಯ ವಿದ್ಯಾರ್ಥಿಗಳಿಗಾಗಿ ಟಿಮ್‌ಸುಕ್ ಎಂಬ ಕಂಪನಿ 2010ರಲ್ಲಿ ರೂಪಿಸಿದ ರೋಬಾಟ್. ಹನಾಕೊ ಅಲ್ಲಿ ಹಳೆಯ ಕಾಲದ ಹೆಸರು. ಅರ್ಜಿ ತುಂಬುವುದು ಹೇಗೆಂದು ತೋರಿಸುವ ಮಾದರಿಗಳಲ್ಲಿ ಬರೆದಿರುವ ಹೆಸರೂ ಹೌದು. ಯಾರದೋ ಮನೆಯ ಹೆಣ್ಣುಮಗಳು, ಯಾರ ಮನೆಯವಳೂ ಆಗಬಹುದಾದವಳು. ಮರುವರ್ಷ ಎರಡನೆಯ ಹನಾಕೊ ಬಂದಳು. ಈ ಸಲ ಚರ್ಮ ಸಿಲಿಕೋನಿನದು. ನೀರು ಒಳಗಿನ ಯಂತ್ರಕ್ಕೆ ಇಳಿಯದಂತೆ ಬಾಯಿಯ ಒಳಪದರವನ್ನೂ ಚರ್ಮಕ್ಕೆ ಕೂಡಿಸಿದರು. ಕೆನ್ನೆ, ನಾಲಿಗೆಗಳ ಮೆತುವನ್ನು ಸಾಧಿಸಲು ಗೊಂಬೆ ತಯಾರಕರ ನೆರವು ಪಡೆದರು.

ಅವಳಿಗಿಂತ ಮೊದಲೇ, 2007ರಲ್ಲಿ, ಸಿಮ್ರಾಯ್ಡ್ ಎಂಬವಳು ಬಂದಿದ್ದಳು. ನಿಪ್ಪಾನ್ ದಂತ ವಿಶ್ವವಿದ್ಯಾಲಯಕ್ಕಾಗಿ ಕೊಕೊರೊ ಕಂಪನಿ ಮಾಡಿದ್ದು. ಹಲ್ಲಿನ ಒಳಗೇ ಸಂವೇದಕಗಳಿವೆ. ಡ್ರಿಲ್ ತಪ್ಪು ಜಾಗಕ್ಕೆ ಇಳಿದರೆ ಮುಖ ಹಿಂಡಿ, ನೋವಾಗುತ್ತಿದೆ ಎಂದು ಬಾಯಿಬಿಟ್ಟು ಹೇಳುತ್ತಾಳೆ. ಎದೆಯಲ್ಲಿಯೂ ಸಂವೇದಕವಿದೆ. ಕೆಲಸದ ಭರದಲ್ಲಿ ವಿದ್ಯಾರ್ಥಿಯ ಮೊಣಕೈ ಅಲ್ಲಿ ತಗುಲಿದರೆ ಅದೂ ದಾಖಲಾಗುತ್ತದೆ. ಇದನ್ನು ಯೋಚಿಸಿ ಇಟ್ಟವರಿಗೆ ನಾನು ಕೈ ಮುಗಿಯುತ್ತೇನೆ. ಕುರ್ಚಿಯಲ್ಲಿ ಮುದುಡಿ ಕೂತ ಎಷ್ಟು ಹೆಂಗಸರು ಈ ಮುಜುಗರವನ್ನು ನುಂಗಿಕೊಂಡು ಮನೆಗೆ ಹೋಗಿದ್ದಾರೋ!

ಈ ರೋಬಾಟ್‌ಗಳಿಗೆ ಮೊದಲು ಇದ್ದದ್ದು ಫ್ಯಾಂಟಮ್ ಹೆಡ್. 1894ರಲ್ಲಿ ಬ್ರಿಟನ್ನಿನ ಆಸ್ವಾಲ್ಡ್ ಫರ್ಗಸ್ ಲೋಹದ ಕಂಬಿಯ ಮೇಲೆ ದವಡೆಗಳನ್ನು ಕೂರಿಸಿ ಕಲಿಸುವ ದಾರಿ ತೋರಿಸಿದರು. ಇಂದಿಗೂ ನಮ್ಮ ದಂತ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಸಾಲಾಗಿ ನಿಂತಿರುವುದು ಅದರ ಮೊಮ್ಮಕ್ಕಳೇ. ಅವುಗಳ ಮೇಲೆ ಕೈ ಪಳಗುತ್ತದೆ, ನಿಜ. ಆದರೆ ಅವು ಹೆದರುವುದಿಲ್ಲ, ಎಂಜಲು ನುಂಗುವುದಿಲ್ಲ. ಎಷ್ಟು ಹೊತ್ತು ಬೇಕಾದರೂ ಬಾಯಿ ತೆರೆದೇ ಇರುತ್ತವೆ.

ನನ್ನ ದೊಡ್ಡಪ್ಪನ ಮಗಳು ಬಿಡಿಎಸ್ ಓದುವಾಗ ನಮ್ಮೂರಿನ ಹಲ್ಲಿನ ಡಾಕ್ಟರ ಹತ್ತಿರ ಕಿತ್ತ ಹಲ್ಲುಗಳನ್ನು ಕೇಳಿ ತರುತ್ತಿದ್ದಳು. ಹಾರ್ಲಿಕ್ಸ್ ಬಾಟಲಿಯಲ್ಲಿ ಔಷಧದ ನೀರು, ಅದರ ತಳದಲ್ಲಿ ಯಾರ್‍ಯಾರದೋ ದವಡೆ ಹಲ್ಲು. ಅವನ್ನು ಪ್ಲಾಸ್ಟರಿನಲ್ಲಿ ನಿಲ್ಲಿಸಿ ಕೊರೆದು ಕಲಿತಳು. ಮೂರನೆಯ ವರ್ಷ ನಿಜವಾದ ರೋಗಿಗಳು ಬೇಕಾದರು. ಇಷ್ಟು ಹಲ್ಲು ಕೀಳಬೇಕು, ಇಷ್ಟು ತುಂಬಬೇಕು ಎಂಬ ಲೆಕ್ಕ ಮುಗಿಸದೆ ಪರೀಕ್ಷೆಗೆ ಕೂರುವಂತಿಲ್ಲ. ಆ ಲೆಕ್ಕದಲ್ಲಿ ಮೊದಲು ಬಂದವರು ನಮ್ಮ ಅಜ್ಜಿ.

ನಾನೂ ಜೊತೆಗೆ ಹೋಗಿದ್ದೆ. ಅಜ್ಜಿಯ ಎರಡೂ ಕೈ ಸೆರಗಿನ ತುದಿಯನ್ನು ಹಿಂಡಿ ಹಿಡಿದಿದ್ದವು. ಕಣ್ಣಂಚಿನಿಂದ ನೀರು ಇಳಿದು ಕಿವಿಯ ಓಲೆಯ ಹತ್ತಿರ ನಿಂತಿತ್ತು. ಕೆಳಗಿಳಿದ ಮೇಲೆ ಅಂದದ್ದು ಒಂದೇ ಮಾತು: “ಏನೂ ನೋವಾಗ್ಲಿಲ್ಲ ಪುಟ್ಟಿ.”

ದಂತ ಕಾಲೇಜಿನ ಒಪಿಡಿಯ ಬೆಂಚಿನ ಮೇಲೆ ಬೆಳಿಗ್ಗೆಯಿಂದ ಕಾಯುವವರೂ ಹೀಗೆಯೇ. ಖರ್ಚು ಕಡಿಮೆ ಎಂದು ಬಂದಿರುತ್ತಾರೆ. ಕಲಿಯುವ ಮಗು, ಬೈಯಬಾರದು ಎಂದು ಸಹಿಸುತ್ತಾರೆ. ಮೇಷ್ಟರು ಹೇಳಿಕೊಟ್ಟದ್ದರ ಜೊತೆಗೆ ಇವರು ಸಹಿಸಿದ್ದರಿಂದಲೂ ನಮ್ಮ ಡಾಕ್ಟರುಗಳು ತಯಾರಾಗಿದ್ದಾರೆ. ಹನಾಕೊಗೆ ಆ ದಾಕ್ಷಿಣ್ಯವಿಲ್ಲ. ಅದೇ ಅವಳ ದೊಡ್ಡ ಗುಣ ಎನ್ನಿಸುತ್ತದೆ ನನಗೆ. ಒಂದೊಂದು ಕಾಲೇಜಿಗೆ ಬೇಡ, ಒಂದು ವಿಶ್ವವಿದ್ಯಾಲಯಕ್ಕೆ ಒಬ್ಬಳು ಬಂದರೂ ಸಾಕು. ಸರದಿಯ ಮೇಲೆ ಮಕ್ಕಳು ಅವಳೆದುರು ಕೂತು ಬರಲಿ. ಟಿಮ್‌ಸುಕ್ ಈಚೆಗೆ ಪೀಡಿಯಾರಾಯ್ಡ್ ಎಂಬ ಪುಟ್ಟ ಹುಡುಗನನ್ನೂ ಮಾಡಿದೆ. ಅವನು ಕೈಕಾಲು ಬಡಿಯುತ್ತಾನೆ, ಅಳುತ್ತಾನೆ.

ಹನಾಕೊಳ ವಿಡಿಯೊವನ್ನು ಮೊನ್ನೆ ಅಕ್ಕನಿಗೆ ತೋರಿಸಿದೆ. ಈಗ ಅವಳದೇ ಕ್ಲಿನಿಕ್ ಇದೆ, ಕನ್ನಡಕ ಬಂದಿದೆ. ಬಾಯಿ ಮುಚ್ಚಿಕೊಳ್ಳುವಲ್ಲಿಗೆ ಬಂದಾಗ ನನ್ನ ಕೈಯಿಂದ ಫೋನ್ ತೆಗೆದುಕೊಂಡು ಮತ್ತೆ ನೋಡಿದಳು.

“ಅಜ್ಜಿ ಬಾಯಿನೂ ಹೀಗೇ ಮುಚ್ಕೋತಾ ಇತ್ತು ಕಣೋ,” ಎಂದಳು. “ಸರಿಯಾಗಿ ತೆಗಿ ಅಜ್ಜಿ ಅಂತ ಗದರಿಬಿಟ್ಟಿದ್ದೆ.”