ಖಾತೆಯಿದ್ದರೂ ಹಣ ಕೈಸೇರದಿರುವುದೇಕೆ?

2020ರ ಏಪ್ರಿಲ್‌ನಿಂದ ಜೂನ್‌ವರೆಗೆ ಕೇಂದ್ರ ಸರ್ಕಾರವು ಮಹಿಳೆಯರ ಜನಧನ್ ಖಾತೆಗಳಿಗೆ ಮಾಸಿಕ 500 ರೂಪಾಯಿ ಜಮೆ ಮಾಡಿತು. 2001ರಲ್ಲಿ ಕೆಜಿಎಫ್ ಚಿನ್ನದ ಗಣಿ ಮುಚ್ಚಿದ ಬಳಿಕ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ದುಡಿಯುತ್ತಿದ್ದ ಕುಟುಂಬಗಳಿಗೆ, ಲಾಕ್‌ಡೌನ್‌ನಲ್ಲಿ ಆ ರೈಲುಗಳೂ ನಿಂತಾಗ, ಈ ಸಣ್ಣ ಮೊತ್ತವೂ ಆಸರೆಯಾಯಿತು. ಖಾತೆ ತೆರೆದರಷ್ಟೇ ಸಾಲದು, ಅದು ಚಾಲ್ತಿಯಲ್ಲಿರಬೇಕು ಎಂಬುದು ಆಗ ಮನವರಿಕೆಯಾಯಿತು.

ಗೃಹಲಕ್ಷ್ಮಿಯ ಮಾಸಿಕ 2,000 ರೂಪಾಯಿ ಬಂದಿಲ್ಲವೆಂದು ಇಂದಿಗೂ ಫಲಾನುಭವಿಗಳು ಪಂಚಾಯಿತಿಗೆ ಬರುತ್ತಾರೆ. ಪರಿಶೀಲಿಸಬೇಕಾದ ಅಂಶಗಳು ಇವು:

1. ಆಧಾರ್ ಆಧಾರಿತ ಹಣವು ಕೈಯಲ್ಲಿರುವ ಪಾಸ್‌ಬುಕ್ಕಿನ ಖಾತೆಗಲ್ಲ, ಎನ್‌ಪಿಸಿಐನಲ್ಲಿ ಕೊನೆಯದಾಗಿ ಜೋಡಣೆಯಾದ ಬ್ಯಾಂಕಿನ ಖಾತೆಗೆ ಹೋಗುತ್ತದೆ. ಆ ಬ್ಯಾಂಕ್ ಯಾವುದೆಂದು ‘ಮೈ ಆಧಾರ್’ ಜಾಲತಾಣದಲ್ಲಿ ತಿಳಿಯಬಹುದು. ಹಳೆಯ ಖಾತೆಯಲ್ಲೇ ಹಣವಿರುವ ಸಾಧ್ಯತೆಯುಂಟು.

2. ಎರಡು ವರ್ಷಕ್ಕೂ ಹೆಚ್ಚು ಕಾಲ ವಹಿವಾಟಿಲ್ಲದ ಖಾತೆ ನಿಷ್ಕ್ರಿಯವಾಗಬಹುದು. ಕೆವೈಸಿ ದಾಖಲೆ ನೀಡಿದರೆ ಮತ್ತೆ ಚಾಲನೆಗೊಳ್ಳುತ್ತದೆ. ರಿಸರ್ವ್ ಬ್ಯಾಂಕ್ ನಿಯಮದಂತೆ ಇದಕ್ಕೆ ಶುಲ್ಕವಿಲ್ಲ.

3. ಕಲ್ಲು, ಮಣ್ಣಿನ ಕೆಲಸದಿಂದ ಬೆರಳಚ್ಚು ಸವೆದವರಿಗೆ ಬ್ಯಾಂಕ್ ಮಿತ್ರರ ಯಂತ್ರದಲ್ಲಿ ಹಣ ಸಿಗದಿರಬಹುದು. ಅಂಥವರು ಪಾಸ್‌ಬುಕ್ಕಿನೊಂದಿಗೆ ಶಾಖೆಯಲ್ಲಿಯೇ ಹಣ ಪಡೆಯಬಹುದು.

4. ಪ್ರತಿ ಬಾರಿ ಬೆರಳಿಟ್ಟಾಗಲೂ ರಸೀದಿ ಕೇಳಿ ಪಡೆಯಿರಿ. ‘ವಿಫಲವಾಯಿತು, ಮತ್ತೊಮ್ಮೆ ಬೆರಳಿಡಿ’ ಎಂದರೆ ಮೊದಲು ಖಾತೆಯ ಬಾಕಿ ನೋಡಿ. ವಂಚನೆಯಾಗಿದ್ದಲ್ಲಿ ತಡಮಾಡದೆ 1930ಕ್ಕೆ ಕರೆ ಮಾಡಿ.

ಪಾಸ್‌ಬುಕ್, ಆಧಾರ್, ಮೊಬೈಲ್‌ನೊಂದಿಗೆ ಗ್ರಾಮ ಪಂಚಾಯಿತಿಗೆ ಬಂದಲ್ಲಿ ಜೋಡಣೆಯ ಸ್ಥಿತಿ ಪರಿಶೀಲಿಸಲು ನೆರವಾಗುತ್ತೇವೆ. ಓದಲು ಬಾರದ ನೆರೆಹೊರೆಯವರಿಗೂ ಈ ಮಾಹಿತಿಯನ್ನು ತಿಳಿಸಬೇಕಾಗಿ ಕೋರಿದೆ.

– ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಬಂಗಾರಪೇಟೆ ತಾಲ್ಲೂಕು