ಬೆರೆತ ಇಂದ್ರಿಯಗಳು

ಕಣ್ಣು ನೋಡುವುದು, ಕಿವಿ ಕೇಳುವುದು, ನಾಲಗೆ ರುಚಿಯನ್ನರಿಯುವುದು ಎಂದು ನಾವು ಕೆಳಗಿನ ತರಗತಿಗಳಲ್ಲಿ ಕಲಿಸುತ್ತ ಬಂದಿದ್ದೇವೆ. ಈ ಗಡಿಗಳು ಎಲ್ಲರಲ್ಲಿಯೂ ಅಷ್ಟು ಕಟ್ಟುನಿಟ್ಟಾದುವಲ್ಲವೆಂಬುದನ್ನು ನಾವು ಅರಿತುದು ಬಹಳ ತಡವಾಗಿ, ರಿಚರ್ಡ್ ಸೈಟೋವಿಕ್ ಎಂಬ ಅಮೆರಿಕದ ನರರೋಗತಜ್ಞರ ಬರಹಗಳಿಂದ.

೧೯೮೦ನೆಯ ಇಸವಿಯಲ್ಲಿ ನಾರ್ತ್ ಕ್ಯಾರೊಲೈನಾ ಸಂಸ್ಥಾನದಲ್ಲಿ ಅವರು ನೆರೆಯವರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದರು. ಮನೆಯ ಯಜಮಾನರು ಅಡಿಗೆಯ ರುಚಿ ನೋಡಿ, ಕೋಳಿಯಲ್ಲಿ ಮೊನೆಗಳು ಸಾಲವೆಂದು ಬಾಯಿತಪ್ಪಿ ನುಡಿದು ನಾಚಿಕೊಂಡರು. ವಿಚಾರಿಸಲಾಗಿ, ರುಚಿಯು ನಾಲಗೆಗೆ ತಾಗಿದೊಡನೆ ಅವರ ಕೈಗಳಿಗೆ ಒಂದು ಆಕಾರವು ಸೋಂಕಿದಂತಾಗುವುದೆಂದೂ, ಅಂದು ಮೊನಚಾಗಿರಬೇಕಾಗಿದ್ದ ರುಚಿಯು ದುಂಡಗೆ ಬಂದಿದ್ದಿತೆಂದೂ ತಿಳಿಯಿತು.

ಇದಕ್ಕೆ ಸಿನೆಸ್ತೀಸಿಯವೆಂದು ಹೆಸರು. ಗ್ರೀಕ್ ಮೂಲದ ಈ ಪದಕ್ಕೆ ಕೂಡಿದ ಸಂವೇದನೆಯೆಂದರ್ಥ. ಕೆಲವರಿಗೆ ನಾದವನ್ನು ಕೇಳಿದಾಗ ಬಣ್ಣವು ಕಾಣುವುದು. ಕೆಲವರಿಗೆ ಅಕ್ಷರಗಳಿಗೂ ವಾರದ ದಿನಗಳಿಗೂ ಬಣ್ಣವಿರುವುದು. ಸವಿನುಡಿ, ಕಹಿಮಾತು ಎಂದು ನಾವೆಲ್ಲರೂ ಅನ್ನುತ್ತೇವಾದರೂ ನಮ್ಮ ನಾಲಗೆಗೆ ಯಾವ ರುಚಿಯೂ ತಾಗದು. ಅವರಿಗಾದರೋ ಅದು ಉಪಮೆಯಲ್ಲ, ಬೇಡವೆಂದರೂ ಬರುವ ಅನುಭವ. ರೋಗವೂ ಅಲ್ಲ.

ಫ್ರಾನ್ಸಿಸ್ ಗಾಲ್ಟನ್ ಎಂಬ ಇಂಗ್ಲಿಷ್ ಪಂಡಿತರು ೧೮೮೦ರಷ್ಟು ಹಿಂದೆಯೇ ಇದನ್ನು ಕುರಿತು ಬರೆದಿದ್ದರು. ಆದರೆ ಮುಂದೆ ಬಹುಕಾಲ, ಒಬ್ಬರ ಮನಸ್ಸಿನೊಳಗಿನದನ್ನು ಅವರ ಬಾಯಿಂದ ಕೇಳಿ ನಂಬುವುದು ಶಾಸ್ತ್ರವಲ್ಲವೆಂಬ ಅಭಿಪ್ರಾಯವೇ ಪ್ರಬಲವಾಗಿದ್ದಿತು. ಇದರಲ್ಲಿ ಕೈಯಿಟ್ಟರೆ ವೃತ್ತಿಯು ಕೆಡುವುದೆಂದು ಸಹೋದ್ಯೋಗಿಗಳು ಸೈಟೋವಿಕರನ್ನು ಎಚ್ಚರಿಸಿದರು. ಅವರು ಬಿಡಲಿಲ್ಲ. ಇಂಥವರನ್ನು ಹುಡುಕಿ, ಹೇಳಿದುದನ್ನು ತಾಳ್ಮೆಯಿಂದ ಬರೆದುಕೊಂಡು, ೧೯೮೯ರಲ್ಲಿ ವಿದ್ವಾಂಸರಿಗಾಗಿ ಒಂದು ಗ್ರಂಥವನ್ನೂ ೧೯೯೩ರಲ್ಲಿ ಜನಸಾಮಾನ್ಯರಿಗಾಗಿ ಇನ್ನೊಂದನ್ನೂ ಪ್ರಕಟಿಸಿದರು.

ಸುಳ್ಳೋ ನಿಜವೋ ಎಂದು ಪರೀಕ್ಷಿಸುವ ಬಗೆಯು ಸರಳವಾದುದು. ಪದಗಳ ಬಣ್ಣವನ್ನು ಕೇಳಿ ಬರೆದಿಟ್ಟು, ಮುನ್ಸೂಚನೆಯಿಲ್ಲದೆ ಮತ್ತೆ ಕೇಳುವುದು. ಇಂಗ್ಲೆಂಡಿನಲ್ಲಿ ೧೯೯೩ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಇಂಥವರು ವರ್ಷ ಕಳೆದ ಮೇಲೂ ನೂರಕ್ಕೆ ೯೨ರಷ್ಟು ಅವೇ ಉತ್ತರಗಳನ್ನು ಕೊಟ್ಟರು. ಉಳಿದವರು ಒಂದೇ ವಾರದಲ್ಲಿ ನೂರಕ್ಕೆ ೩೮ರಷ್ಟನ್ನು ಮಾತ್ರ ಸರಿಯಾಗಿ ಹೇಳಿದರು.

ಇದು ಮನೆತನಗಳಲ್ಲಿ ಹರಿದುಬರುವುದುಂಟು. ಕಾದಂಬರಿಕಾರ ವ್ಲಾದಿಮಿರ್ ನಬೊಕೊವ್ ಅವರು ಬಾಲ್ಯದಲ್ಲಿ ತಮ್ಮ ಆಟದ ಅಕ್ಷರಗಳ ಬಣ್ಣವೆಲ್ಲ ತಪ್ಪೆಂದು ಹೇಳಲು, ತಾಯಿಗೆ ಅದು ವಿಚಿತ್ರವೆನಿಸಲಿಲ್ಲ. ಆಕೆಗೂ ಅಕ್ಷರಗಳಿಗೆ ಬಣ್ಣವಿದ್ದಿತು.

ನಾವಾದರೋ ಹಾಗೆ ನಡೆದುಕೊಳ್ಳಲಿಲ್ಲ. ಹಲವು ವರ್ಷಗಳ ಹಿಂದೆ ಲೆಕ್ಕದ ತರಗತಿಯಲ್ಲಿ ಒಬ್ಬ ಹುಡುಗಿಯು, ಐದನ್ನು ಹಸುರು ಸೀಮೆಸುಣ್ಣದಿಂದಲೇ ಬರೆಯಬೇಕೆಂದು ಹಟ ಹಿಡಿಯಲು, ಹುಡುಗಾಟವೆಂದು ಬಗೆದು ಬೆಂಚಿನ ಮೇಲೆ ನಿಲ್ಲಿಸಿದೆವು. ಆಕೆ ಮತ್ತೆ ಆ ಮಾತನ್ನೆತ್ತಲಿಲ್ಲ. ಈ ಸಂಚಿಕೆಯು ಆಕೆಯ ಕೈ ಸೇರಿದಲ್ಲಿ, ಐದು ಈಗಲೂ ಹಸುರಾಗಿಯೇ ಇರುವುದೋ ಎಂದು ನಮಗೊಂದು ಕಾಗದ ಬರೆಯಬೇಕಾಗಿ ಬೇಡುತ್ತೇವೆ.